ಒಡೆಯುವದಕ್ಕೆ ಎದುರು ಮಾತು ಯಾವದು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ತರುವಾಯ ಒಬ್ಬರನ್ನೊಬ್ಬರು ಮಾತನಾಡಿಸದೆ ಹೋದರು. ಅವರ ವೃದ್ಧ ತಾಯಿ ನಮ್ಮನ್ನು ಕರೇ ಕಳುಹಿಸಿ, "ಒಡೆದ ಮನಿ ಕೂಡಿಸಿ ಕೊಡ್ರಿ" ಎಂದರು. ಆ ಮಾತಿಗೆ ಇಬ್ಬರು ಮಕ್ಕಳೂ ಸಿಡುಕಿದರು. ಕೂಡಿಸುವದೆಂದರೆ ಹೊಲವನ್ನು ಮರಳಿ ಒಂದೇ ಖಾತೆಗೆ ಸೇರಿಸುವದೆಂದು ಅಣ್ಣನು ತಿಳಿದನು. ಮರಳಿ ಒಂದೇ ಒಲೆಯೆಂದು ತಮ್ಮನು ತಿಳಿದನು. ತಾಯಿಯ ಮನಸ್ಸಿನಲ್ಲಿ ಎರಡೂ ಇರಲಿಲ್ಲ. ಆದದರಿಂದ ಈ ತಿಂಗಳ ಪಾಠದಲ್ಲಿ ಇಂಥ ಮಾತುಗಳನ್ನೇ ವಿಚಾರಿಸೋಣ.

ಗಡಿಗೆ ಒಡೆಯುವದು, ಕಟ್ಟಿಗೆ ಸೀಳುವದು, ಎಲುಬು ಮುರಿಯುವದು, ಅರಿವೆ ಹರಿಯುವದು. ಅರಿವೆ ಮುರಿಯಿತೆಂದು ಯಾರೂ ಅನ್ನರು. ಎದುರು ಮಾತುಗಳೂ ಹಾಗೆಯೇ ಬೇರೆ ಬೇರೆ. ಹರಿದ ಅರಿವೆಯನ್ನು ಹೊಲಿಯುವೆವು, ಹರಿದ ಹಗ್ಗಕ್ಕೆ ಗಂಟು ಹಾಕುವೆವು, ತುಂಡಾದ ಕಬ್ಬಿಣವನ್ನು ಬೆಸೆಯುವೆವು. (ಗೋಕುಲ ರಸ್ತೆಯ ಕಾರಖಾನೆಗಳಲ್ಲಿ ಇದಕ್ಕೆ ವೆಲ್ಡಿಂಗ್ ಅನ್ನುವರು, ಬೆಸುಗೆ ಎಂಬ ಚಂದದ ಮಾತು ಈಗ ಹೆಚ್ಚಾಗಿ ಸ್ನೇಹಕ್ಕೇ ಉಳಿದಿದೆ.) ಮುರಿದ ಎಲುಬನ್ನಾದರೋ ವೈದ್ಯನು ನೆಟ್ಟಗೆ ಹೊಂದಿಸಿ ಕಟ್ಟುವನು, ಕೂಡುವದು ಅದು ತಾನೇ. ಒಡೆದ ಹಾಲಿಗೆ ಎದುರು ಮಾತೇ ಇಲ್ಲ.

ಶಾಲೆಯ ಮಕ್ಕಳು ಭಾಗಿಸುವದಕ್ಕೆ ಎದುರು ಕೂಡಿಸುವದೆಂದು ಹೇಳಿ ತಪ್ಪುವರು. 12ನ್ನು 3ರಿಂದ ಭಾಗಿಸಿದರೆ 4. ಅದಕ್ಕೆ 3 ಕೂಡಿಸಿದರೆ 7 ಆಗುವದು, 12 ಬಾರದು. ಗುಣಿಸಬೇಕು.

ವ್ಯಾಕರಣದ ಸಂಧಿಯನ್ನು ನೋಡಿರಿ. ಊರು, ಅನ್ನು ಎಂಬಿವು ಸೇರಿ ಊರನ್ನು ಆಗುವಾಗ ಒಂದು ಉಕಾರವು ಹೋಗುವದು; ಇದು ಲೋಪಸಂಧಿ. ಮನೆ, ಅನ್ನು ಸೇರಿ ಮನೆಯನ್ನು ಆಗುವಾಗ ಒಂದು ಯಕಾರವು ಹೊಸದಾಗಿ ಬರುವದು, ಇದು ಆಗಮಸಂಧಿ. ಅರಸರು ಯುದ್ಧ ಬಿಟ್ಟು ಮಾಡಿಕೊಳ್ಳುವ ಒಡಂಬಡಿಕೆಗೂ ಸಂಧಿಯೆಂದೇ ಹೆಸರು. ಅಲ್ಲಿಯೂ ಏನಾದರೂ ಬಿಡಬೇಕು, ಇಲ್ಲವೆ ಕೊಡಬೇಕು.

1956ರಲ್ಲಿ ಮುಂಬಯಿ, ಹೈದರಾಬಾದು, ಮದ್ರಾಸು ಸೀಮೆಗಳ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಂದಿಗೆ ಒಂದಾದದ್ದನ್ನು ಏಕೀಕರಣವೆನ್ನುವೆವು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಪಾಲಿಕೆಯ ಕೆಳಗೆ ಬಂದವು. ಆದರೂ ಜನರು ಅವಳಿ ನಗರವೆಂದರು, ಅವಳಿಗಳು ಇಬ್ಬರಷ್ಟೆ! 2025ರ ಜನವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಒಪ್ಪಿತು. ಅದಕ್ಕೂ ಮುಂಚೆ 1997ರಲ್ಲಿ ರಾಜ್ಯದ ಸಾರಿಗೆ ನಿಗಮದಿಂದ ವಾಯವ್ಯ ನಿಗಮವು ಬೇರೆಯಾಯಿತು. ಅದರ ಮುಖ್ಯ ಕಚೇರಿ ಇದೇ ಗೋಕುಲ ರಸ್ತೆಯಲ್ಲಿದೆ. ಇವುಗಳಿಗೆ ಒಡೆಯುವದೆನ್ನುವದು ಸಲ್ಲದು. ಬೇರೆಯಾಗುವದು ಒಂದು, ಒಡೆಯುವದು ಇನ್ನೊಂದು.

ಇದನ್ನೇ ಆ ಅಣ್ಣತಮ್ಮಂದಿರಿಗೆ ಹೇಳಿದೆವು. ಹೊಲ ಬೇರೆಯಾಗಿದೆ, ಇರಲಿ. ಒಡೆದದ್ದು ಮಾತು ಮಾತ್ರ, ಅದಕ್ಕೆ ಬೇಕಾದದ್ದು ಹೊಂದಿಕೊಳ್ಳುವದು ಎಂದೆವು. ಖಾತೆಗಳು ಎರಡೇ ಉಳಿದವು, ಒಲೆಗಳೂ ಎರಡೇ. ಬಿತ್ತಿಗೆಯ ಹೊತ್ತಿಗೆ ತಮ್ಮನು ಅಣ್ಣನ ಟ್ರ್ಯಾಕ್ಟರ್ ಕೇಳಿಕೊಂಡು ಹೋದನು. ತಾಯಿಯವರು ಈಗಲೂ "ಕೂಡಿಸಿ ಕೊಟ್ರಿ" ಎಂದೇ ಹೇಳುತ್ತಾರೆ; ನಾವು ತಿದ್ದುವದಕ್ಕೆ ಹೋಗಲಿಲ್ಲ.