ಮರಿ ಕೊಡುವ ಮುನ್ನ ಮನೆ ನೋಡು

ಪ್ರೀತಿಯ ತಮ್ಮಾ,

ಮುಧೋಳ ನಾಯಿ ಸಾಕಿ, ಮರಿ ಮಾರಿ ನಾಲ್ಕು ಕಾಸು ಕಾಣಬೇಕೆಂದು ಹೊರಟಿದ್ದೀಯ. ಒಳ್ಳೆಯದೇ. ಮುಧೋಳದ ಘೋರ್ಪಡೆ ಅರಸರ ಆಸರೆಯಲ್ಲಿ ಉಳಿದು ಬಂದ ಈ ತಳಿಗೆ ಇಂದು ಹೆಸರಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿಂದ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕೀ ಬಾತ್’ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದರು. ಹೆಸರು ಬಂದ ಮೇಲೆ ಗಿರಾಕಿಗಳು ಬರುವುದು ಸಹಜ. ಆದರೆ ಹಣ ಹಿಡಿದು ಬಂದವರಲ್ಲಿ ಯಾರಿಗೆ ಮರಿ ಕೊಡಬಾರದು ಎಂದು ತಿಳಿಯುವುದೇ ಈ ಉದ್ಯೋಗದ ಅರ್ಧ ವಿದ್ಯೆ.

ಈ ನಾಯಿಯ ಮೈಕಟ್ಟನ್ನೇ ಗಮನಿಸು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆಗೂಡು, ಬೆನ್ನಿಗಂಟಿದ ಹೊಟ್ಟೆ, ನೀಳ ಕಾಲು. ಇವು ಅಂದಕ್ಕಾಗಿ ಬಂದವಲ್ಲ. ಬಯಲುಸೀಮೆಯ ಎರೆ ಹೊಲದಲ್ಲಿ ಎದ್ದೋಡುವ ಮೊಲವನ್ನು ಮೂಸಿ ಹುಡುಕದೆ ಕಣ್ಣಿನಿಂದಲೇ ಗುರುತಿಸಿ ಅಟ್ಟಿ ಹಿಡಿಯಲೆಂದು ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡವು. ಆ ಮೈಯೊಳಗೆ ಅದಕ್ಕೆ ತಕ್ಕ ಸ್ವಭಾವವೂ ಇದೆ. ದೂರದಲ್ಲೇನೋ ಸರಿದರೆ ಕಾಲು ತಾನಾಗಿ ಓಡುತ್ತದೆ. ಹಿಂದಿನಿಂದ ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಅಪರಿಚಿತರು ಮುಟ್ಟಬಂದರೆ ದೂರ ಸರಿಯುತ್ತದೆ. ಮನೆಯವರಿಗೆ ಗಾಢವಾಗಿ ಅಂಟಿಕೊಳ್ಳುತ್ತದೆ, ಗದರಿದರೆ ಮುದುಡುತ್ತದೆ. ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ, ಚಳಿ ತಡೆಯದು. ಈ ಗುಣಗಳಲ್ಲಿ ಬೇಕಾದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ಬಿಡಲಾಗದು. ಓಟ ಮೆಚ್ಚಿ ಕೊಂಡವನು ಓಡುವ ಹಂಬಲವನ್ನೂ ಸಾಕಲೇಬೇಕು.

ಕೆಟ್ಟ ಮನೆಗೆ ಹೋದ ನಾಯಿ ಹಾಳಾಗುವುದು ಇಲ್ಲಿಯೇ. ಪೇಟೆಯ ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಸರಪಳಿಗೆ ಬಿದ್ದ ಮುಧೋಳ ನಾಯಿ ಹಾಸಿಗೆ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಸಂದು ಸಿಕ್ಕರೆ ರಸ್ತೆಗೆ ಹಾರಿ ವಾಹನಕ್ಕೆ ಸಿಗುತ್ತದೆ. ಪಕ್ಕೆಲುಬು ಕಾಣುತ್ತದೆಂದು ಕೆಲವರು ಮಿತಿಮೀರಿ ತಿನ್ನಿಸುತ್ತಾರೆ. ಕೂಡಿದ ತೂಕದ ಹೊರೆ ಕೀಲುಗಳ ಮೇಲೆ ಬೀಳುತ್ತದೆ. ಬಂದವರ ಮೇಲೆ ಬೊಗಳಿ ಎರಗಲೆಂದು ಕೊಂಡವನು, ಹಿಂದೆ ಸರಿದು ನಿಲ್ಲುವ ನಾಯಿಯನ್ನು ಕಂಡು ನಿರಾಶೆಯಿಂದ ಹೊಡೆಯತೊಡಗುತ್ತಾನೆ. ಕೊನೆಗೆ ಅದನ್ನು ಬೀದಿಗೆ ಬಿಡುತ್ತಾನೆ, ‘ಈ ತಳಿಯೇ ಸರಿಯಿಲ್ಲ’ ಎಂದು ನಾಲ್ಕು ಜನರಿಗೆ ಹೇಳುತ್ತಾನೆ. ತಪ್ಪು ತಳಿಯದಲ್ಲ, ನೋಡದೆ ಕೊಟ್ಟವರದು.

ಬೇಟೆಯೇ ನಿಂತ ಮೇಲೆ ಬೇಟೆಗುಣ ಏಕೆ ಬೇಕು, ನಾಲ್ಕು ತಲೆಮಾರು ಸೌಮ್ಯವಾದ ನಾಯಿಗಳನ್ನೇ ಕೂಡಿಸಿದರೆ ಪೇಟೆಗೂ ಒಗ್ಗುತ್ತದಲ್ಲ ಎಂದು ನೀನು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಮೊಲದ ಬೇಟೆ ಅಪರಾಧ, ಅದು ಸರಿಯೇ. ನಾಯಿ ಬಿಟ್ಟು ಬೇಟೆಯಾಡಲು ಬಯಸುವ ಗಿರಾಕಿಗೂ ಮರಿ ಕೊಡಬೇಡ. ಆದರೆ ಚುರುಕು ಕಣ್ಣು, ಓಟ, ಬಿಸಿಲು ತಾಳುವ ಶಕ್ತಿ ಹೊಲ ತೋಟದ ಕಾವಲಿಗೆ ಇಂದೂ ಬೇಕು. ಓಟದ ಪಂದ್ಯಕ್ಕೂ ಬೇಕು. ಆ ಗುಣಗಳನ್ನು ಕಳೆದುಕೊಂಡು ಆಕಾರವಷ್ಟೇ ಉಳಿದರೆ ಮುಧೋಳದ ಹೆಸರಿಗೆ ಅರ್ಥವಿಲ್ಲ.

ಹಣದ ಕುರಿತು ನೀನು ಎತ್ತಬಹುದಾದ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ಕಸುಬು ಅನೇಕ ಬಡ ಮನೆಗಳಿಗೆ ಆಧಾರ. ಬಂದ ಗಿರಾಕಿಯನ್ನು ವಾಪಸ್ ಕಳಿಸು ಎನ್ನುವುದು ಹೊಟ್ಟೆ ತುಂಬಿದವರ ಉಪದೇಶದಂತೆ ಕೇಳೀತು. ಆದರೆ ಹೀಗೆ ಲೆಕ್ಕ ಹಾಕು: ಮರಿಗಳ ಬೆಲೆ ನಿಂತಿರುವುದೇ ತಳಿಯ ಹೆಸರಿನ ಮೇಲೆ. ಬೇಡಿಕೆ ಪೂರೈಸಲು ಹೆಣ್ಣು ನಾಯಿಗೆ ಬಿಡುವಿಲ್ಲದಂತೆ ಮರಿ ಹಾಕಿಸಿದರೆ, ರಕ್ತಸಂಬಂಧ ನೋಡದೆ ಕೂಡಿಸಿದರೆ, ಬೇರೆ ತಳಿ ಬೆರೆಸಿ ಮಾರಿದರೆ, ಮೊದಲು ಕುಸಿಯುವುದು ಆ ಹೆಸರೇ. ಆಗ ನಷ್ಟ ಇಡೀ ಊರಿನದು. ಚೆನ್ನಾಗಿ ಬೆಳೆದ ಒಂದು ನಾಯಿ ತನ್ನ ಊರಿನಲ್ಲಿ ಹತ್ತು ಗಿರಾಕಿಗಳನ್ನು ಹುಟ್ಟಿಸುತ್ತದೆ.

ನಮ್ಮವರು ಹೆಣ್ಣು ಕೊಡುವಾಗ ಮನೆತನ ವಿಚಾರಿಸುತ್ತಾರೆ. ಮರಿ ಕೊಡುವಾಗಲೂ ಹಾಗೇ ವಿಚಾರಿಸು. ಓಡಲು ಬೇಲಿ ಹಾಕಿದ ಜಾಗವಿದೆಯೇ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಕೋಳಿ, ಕುರಿಮರಿ, ಬೆಕ್ಕುಗಳಿವೆಯೇ? ರೇಬೀಸ್ ಲಸಿಕೆ ಹಾಕಿಸುತ್ತಾರೆಯೇ? ಎರಡು ತಿಂಗಳು ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡ. 2017ರ ಕೇಂದ್ರ ನಿಯಮಗಳೂ ಎಂಟು ವಾರದೊಳಗಿನ ಮರಿಗಳ ಮಾರಾಟವನ್ನು ತಡೆಯುತ್ತವೆ, ತಳಿಗಾರರಿಗೆ ನೋಂದಣಿ ಕಡ್ಡಾಯ ಮಾಡುತ್ತವೆ. ತಾಯಿ, ತಂದೆಯ ವಿವರ ಬರೆದಿಡು. ಸಾಕಲಾಗದಿದ್ದರೆ ನಾಯಿಯನ್ನು ನಿನಗೇ ಮರಳಿಸಬೇಕೆಂದು ಕೊಳ್ಳುವವರಿಂದ ಬರೆಸಿಕೋ, ಮರಳಿ ಬಂದದ್ದನ್ನು ಮುಖ ಸಿಂಡರಿಸದೆ ಇಟ್ಟುಕೋ.

ನೀನು ಸಾಕುವ ಪ್ರತಿ ಮರಿಯ ಹೊಣೆಯೂ ಹಣ ಎಣಿಸಿಕೊಂಡ ಮೇಲೆ ಮುಗಿಯುವುದಿಲ್ಲ. ಆ ಹೊಣೆ ಹೊರುವ ಮನಸ್ಸಿದ್ದರೆ ಮಾತ್ರ ಈ ಕಸುಬಿಗೆ ಕೈ ಹಾಕು. ಹಾಕಿದ ಮೇಲೆ, ತಕ್ಕ ಮನೆಯಲ್ಲದ ಕಡೆ ‘ಇಲ್ಲ’ ಎನ್ನಲು ಹಿಂಜರಿಯಬೇಡ.

ನಿನ್ನ ಏಳಿಗೆ ಬಯಸುವ
ಹಿರಿಯ