ಕೂಲಿಯ ತಕ್ಕಡಿ

ತಕ್ಕಡಿ ಎಂದೊಡನೆ ನಮಗೆ ದಿನಸಿ ಅಂಗಡಿಯ ನೆನಪಾಗುತ್ತದೆ. ಅಕ್ಕಿ, ಸಕ್ಕರೆಯನ್ನು ಕಡಿಮೆ ತೂಗುವುದು ಪಾಪವೆಂದು ನಮ್ಮ ಮಕ್ಕಳಿಗೂ ಗೊತ್ತು. ತಾನು ಪಡೆಯುವಾಗ ಪೂರ್ತಿ ಅಳೆದುಕೊಂಡು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯವು ಆರಂಭದಲ್ಲೇ ನಾಶದ ಎಚ್ಚರಿಕೆ ನೀಡಿದೆ. ಆದರೆ ಈ ಎಚ್ಚರಿಕೆ ಅಂಗಡಿಯವನಿಗೆ ಮಾತ್ರವೇ? ಪ್ರವಾದಿ ಶುಐಬ್(ಅ) ತಮ್ಮ ಜನಾಂಗಕ್ಕೆ ಅಳತೆ ತೂಕಗಳ ಬಗ್ಗೆ ಹೇಳಿದ ಬೆನ್ನಿಗೇ, ಜನರಿಗೆ ಸೇರಿದ್ದರಲ್ಲಿ ಕಡಿತ ಮಾಡಬಾರದೆಂದೂ ಬೋಧಿಸಿದರು (ಅಲ್ ಅಅ್‌ರಾಫ್: 85). ಕಾರ್ಮಿಕನ ಬಳಿಯಿರುವ ಸರಕು ಅವನ ದುಡಿಮೆಯೇ. ಅದನ್ನು ಪೂರ್ತಿ ಪಡೆದು, ಕೂಲಿ ಕೊಡುವಾಗ ಅವನ ಬಣ್ಣ, ನಾಡು ನೋಡಿ ಕಡಿಮೆ ಮಾಡಿದರೆ ಅದೂ ಕಳ್ಳ ತೂಕವೇ.

ಒಂದೇ ಕೆಲಸ, ಬೇರೆ ಬೇರೆ ಕೂಲಿ

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಒಲೆ ಕೊಲ್ಲಿಯ ದುಡಿಮೆಯಿಂದ ಉರಿದಿದೆ. ಅಲ್ಲಿ ಸಂಬಳವನ್ನು ಕೆಲಸ ಮಾತ್ರವಲ್ಲ, ಪಾಸ್‌ಪೋರ್ಟ್ ಕೂಡಾ ನಿರ್ಧರಿಸುವುದನ್ನು ಹೋಗಿ ಬಂದವರು ಬಲ್ಲರು. 2006ರಲ್ಲಿ ಫಿಲಿಪ್ಪೀನ್ಸ್ ಸರಕಾರವು ವಿದೇಶದಲ್ಲಿ ಮನೆಗೆಲಸ ಮಾಡುವ ತನ್ನ ಪ್ರಜೆಗಳಿಗೆ ತಿಂಗಳಿಗೆ ಕನಿಷ್ಠ 400 ಡಾಲರ್ ಸಂಬಳವನ್ನು ಗೊತ್ತುಪಡಿಸಿತು. ಅಂತಹ ಒತ್ತಡ ಹೇರಲಾರದ ಬಡ ದೇಶಗಳ ಹೆಂಗಸರು ಅದೇ ಅಡುಗೆ, ಅದೇ ಒಗೆತವನ್ನು ಅದಕ್ಕಿಂತ ಕಡಿಮೆಗೆ ಮಾಡಬೇಕಾಯಿತು.

2019ರಲ್ಲಿ ಕತರ್‌ಗೆ ಭೇಟಿ ನೀಡಿದ ವಿಶ್ವಸಂಸ್ಥೆಯ ವರ್ಣಭೇದ ವಿಷಯದ ವಿಶೇಷ ವರದಿಗಾರ್ತಿ ತೆಂಡಾಯಿ ಅಚಿಯುಮೆ, ಅಲ್ಲಿ ಹುಟ್ಟಿದ ದೇಶವನ್ನು ಆಧರಿಸಿದ ಒಂದು ಬಗೆಯ ಜಾತಿ ವ್ಯವಸ್ಥೆಯೇ ಇದೆಯೆಂದು ವರದಿ ಮಾಡಿದರು. ಯುರೋಪು, ಅಮೆರಿಕ ಮತ್ತು ಅರಬ್ ದೇಶಗಳವರು ಮೇಲೆ. ದಕ್ಷಿಣ ಏಷ್ಯಾ, ಆಫ್ರಿಕಾದವರು ಕೆಳಗೆ. ಮಾಲಕನ ಅನುಮತಿಯಿಲ್ಲದೆ ಬೇರೆ ಕೆಲಸಕ್ಕೆ ಹೋಗಲು ಬಿಡದ ಕಫಾಲಾ ಪದ್ಧತಿಯು ಇದಕ್ಕೆ ಬಲ ನೀಡಿತ್ತು. ಬಿಟ್ಟು ಹೋಗಲಾರದವನು ಹೆಚ್ಚು ಕೇಳುವುದಾದರೂ ಹೇಗೆ? 2020ರಲ್ಲಿ ಕತರ್ ಈ ಅನುಮತಿಯ ಶರತ್ತನ್ನು ತೆಗೆದುಹಾಕಿತು. 2021ರ ಮಾರ್ಚ್‌ನಿಂದ ಯಾವ ದೇಶದವರೆಂಬ ಭೇದವಿಲ್ಲದೆ ಮನೆಗೆಲಸದವರಿಗೂ ಸೇರಿ ತಿಂಗಳಿಗೆ ಕನಿಷ್ಠ 1000 ರಿಯಾಲ್ ಸಂಬಳ ಜಾರಿಗೆ ಬಂತು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಕಾನೂನು ತಳವನ್ನಷ್ಟೇ ನಿಗದಿಪಡಿಸುತ್ತದೆ. ಅದರ ಮೇಲೆ ಯಾರಿಗೆ ಎಷ್ಟು ಕೊಡಬೇಕೆಂಬುದು ಮಾಲಕನ ಮನಸ್ಸಾಕ್ಷಿಗೆ ಬಿಟ್ಟದ್ದು.

ಎರಡು ನೆಪಗಳು

'ಅವನ ಊರಲ್ಲಿ ಇಷ್ಟೂ ಸಿಗುತ್ತಿರಲಿಲ್ಲ' ಎಂಬುದು ಮೊದಲ ನೆಪ. ಕೂಲಿ ಗೊತ್ತುಪಡಿಸದೆ ಕೆಲಸ ಮಾಡಿಸಿಕೊಂಡರೆ 'ಉಜ್ರತುಲ್ ಮಿಸ್ಲ್' ಕೊಡಬೇಕೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಎಂದರೆ ಅಂತಹ ಕೆಲಸಕ್ಕೆ ಅಲ್ಲಿ ಸಲ್ಲುವ ಕೂಲಿ. ಕೆಲಸ, ನೈಪುಣ್ಯ, ಸ್ಥಳ, ಕಾಲ ಇವು ಅದರ ಮಾನದಂಡಗಳು. ಸ್ಥಳವೆಂದರೆ ಬೆವರು ಸುರಿಸಿದ ಊರೇ ಹೊರತು ತೊಟ್ಟಿಲು ತೂಗಿದ ಊರಲ್ಲ.

'ಅವನೇ ಒಪ್ಪಿಕೊಂಡಿದ್ದಾನೆ' ಎಂಬುದು ಎರಡನೆಯ ನೆಪ. ಸಾಲ ಮಾಡಿ ಏಜೆಂಟನಿಗೆ ಹಣ ಕೊಟ್ಟು ಬಂದವನು ಒಪ್ಪದೆ ಏನು ಮಾಡಿಯಾನು? ಅಂತಹ ಸಹಿ ಕಾಗದದ ಮೇಲೆ ಒಪ್ಪಂದವಾದೀತು. ಅಲ್ಲಾಹನ ಮುಂದೆ ಉತ್ತರವಾಗದು.

ಅಬೂದರ್ರ್(ರ)ರಿಗೆ ದೊರೆತ ಪಾಠ

ಹಝ್ರತ್ ಅಬೂದರ್ರ್(ರ) ಒಮ್ಮೆ ಒಬ್ಬರನ್ನು, ಅವರ ತಾಯಿ ಅರಬೇತರಳೆಂಬ ಕಾರಣಕ್ಕೆ ಹೀಯಾಳಿಸಿದರು. ಅಬೂದರ್ರ್‌ರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿರಿ, ಉಡುವುದನ್ನೇ ಉಡಿಸಿರಿ, ಶಕ್ತಿಮೀರಿದ ಕೆಲಸ ಹೊರಿಸಬೇಡಿರಿ ಎಂಬ ಆಶಯದ ಬೋಧನೆ ನೀಡಿದರು (ಬುಖಾರಿ). ವಂಶದ ನಿಂದನೆಗೆ ಬಂದ ಉತ್ತರವು ದುಡಿಯುವವರ ಹಕ್ಕಿನಲ್ಲಿ ಕೊನೆಗೊಂಡಿತು. ನಾಲಗೆಯ ಜನಾಂಗ ದ್ವೇಷ ಕೊನೆಗೆ ಕೆಲಸದವರ ತಟ್ಟೆಯನ್ನೇ ತಲುಪುತ್ತದೆ.

ನಮ್ಮ ಕೈಯ ತಕ್ಕಡಿ

ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತದ ಖಾಸಗಿ ಕಂಪೆನಿಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಸಮುದಾಯದ ಹೆಸರುಗಳಲ್ಲಿ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು. ಮುಸ್ಲಿಮ್ ಹೆಸರಿಗೆ ಕೇವಲ ಮೂರನೇ ಒಂದರಷ್ಟು. ಇದು ಅನ್ಯಾಯವೆಂದು ಹೇಳುವ ಹಕ್ಕು ನಮಗಿದೆ. ಆದರೆ ನಮ್ಮ ಹೋಟೆಲು, ಮನೆ, ಕಟ್ಟಡದ ಕೆಲಸಗಳಲ್ಲಿ ದುಡಿಯುವ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರಿಗೆ, ಘಟ್ಟದ ಮೇಲಿನಿಂದ ಬಂದ ಹೆಂಗಸರಿಗೆ ನಾವು ಹಿಡಿಯುವ ತಕ್ಕಡಿ ಯಾವುದು? ಕೊಲ್ಲಿಯಲ್ಲಿ ನಮ್ಮ ಮಗನಿಗಾದರೆ ಅನ್ಯಾಯವೆನಿಸುವುದು ಇಲ್ಲಿ ಪರವೂರಿನವನಿಗಾದರೆ ವ್ಯಾಪಾರವೆನಿಸುತ್ತದೆಯೇ?

ಸಂಬಳ ಎಣಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದೇ ಕೆಲಸವನ್ನು ನಮ್ಮ ಊರಿನವನು, ನಮ್ಮ ಬಂಧು ಮಾಡಿದ್ದರೆ ಎಷ್ಟು ಕೊಡುತ್ತಿದ್ದೆವು? ಆ ಎರಡು ಮೊತ್ತಗಳ ನಡುವಿನ ಅಂತರ ನಮ್ಮದಲ್ಲ, ಅವನದು. ಪೂರ್ತಿ ಕೆಲಸ ಮಾಡಿಸಿ ಕೂಲಿ ಕೊಡದವನ ವಿರುದ್ಧ ಅಂತಿಮ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸ್‌ನಲ್ಲಿದೆ. ಆ ನ್ಯಾಯಾಲಯಕ್ಕೆ ಹೋಗುವ ಮೊದಲೇ ಆ ಬಾಕಿ ತೀರಿಸುವುದು ಸತ್ಯವಿಶ್ವಾಸಿಗೆ ಭೂಷಣ.