ಉದ್ರಿಯನ್ನು ಕಾರ್ಡಿಗೆ ಹಾಕಿದರೆ ಸಾಲ ತೀರಿತೇ?

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: 2 ಅರಸುಗಳು 4:1–7

ಎಲ್ಲರೂ ನಿಮ್ಮ ಸತ್ಯವೇದವನ್ನು ತೆರೆದುಕೊಳ್ಳಿ. ಫೋನಿನಲ್ಲಿ ಓದುವವರು ಫೋನ್ ತೆಗೀರಿ, ಆದರೆ ನೋಟಿಫಿಕೇಶನ್ ಆಫ್ ಮಾಡಿ. ಯಾಕಂದ್ರೆ ಇವತ್ತಿನ ವಿಷಯ ಆ ನೋಟಿಫಿಕೇಶನ್‌ಗಳ ಬಗ್ಗೆಯೇ. "ನಿಮ್ಮ ಬಾಕಿ ಇಷ್ಟು, ಕೊನೆಯ ದಿನ ಇಂಥದ್ದು" ಅಂತ ಬರುತ್ತಲ್ವಾ, ಅದೇ.

ಪ್ರಾರ್ಥನೆಗೆ ಬರುವ ಯೌವನಸ್ಥರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಪಾಸ್ಟರ್, ನಾಲ್ಕು ಕಡೆ ಸಾಲ ಇದೆ. ಮಾಲ್‌ನ ಅಂಗಡಿಯಲ್ಲಿ ಒಂದಿಷ್ಟು, ಪೇ ಲೇಟರ್ ಆ್ಯಪ್‌ನಲ್ಲಿ ಒಂದಿಷ್ಟು, ಫೋನಿನ ಇಎಂಐ, ದಿನಸಿ ಅಂಗಡಿಯ ಉದ್ರಿ. ಎಲ್ಲವನ್ನೂ ಒಂದೇ ಕ್ರೆಡಿಟ್ ಕಾರ್ಡಿಗೆ ಹಾಕಿಬಿಟ್ರೆ ತಲೆನೋವು ಹೋಗುತ್ತಾ?" ಈ ಪ್ರಶ್ನೆಗೆ ಬರೀ "ಪ್ರಾರ್ಥನೆ ಮಾಡು" ಅಂತ ಹೇಳಿ ಕಳಿಸೋಕೆ ನನಗೆ ಮನಸ್ಸು ಬರೋದಿಲ್ಲ. ಪ್ರಾರ್ಥನೆಯೂ ಬೇಕು, ಲೆಕ್ಕವೂ ಬೇಕು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಹೇಳಿದ್ದು ಕರ್ತನೇ ಅಲ್ವಾ (ಲೂಕ 14:28)?

1. ಸಾಲ ಇದ್ದರೆ ನಂಬಿಕೆ ಇಲ್ಲ ಅಂತಲ್ಲ

ನಾವು ಓದಿದ ಭಾಗದಲ್ಲಿ ಒಬ್ಬ ವಿಧವೆ ಎಲೀಷನ ಹತ್ತಿರ ಬಂದು ಕೂಗಿಕೊಳ್ಳುತ್ತಾಳೆ. ಅವಳ ಗಂಡ ಪ್ರವಾದಿ ಮಂಡಲಿಗೆ ಸೇರಿದವನು, ಯೆಹೋವನಿಗೆ ಭಯಪಟ್ಟು ನಡೆದವನು. ಆದರೂ ಸಾಲ ಉಳಿಸಿ ತೀರಿಹೋದ. ಈಗ ಸಾಲಗಾರ ಅವಳ ಇಬ್ಬರು ಗಂಡುಮಕ್ಕಳನ್ನು ದಾಸರಾಗಿ ಒಯ್ಯಲು ಬಂದಿದ್ದಾನೆ.

ಇದನ್ನು ಗಮನಿಸಿ. ದೇವಭಕ್ತನ ಮನೆಯಲ್ಲೇ ಸಾಲ ಇತ್ತು. ಎಲೀಷ ಅವಳನ್ನು ಬೈಯಲಿಲ್ಲ, "ನಿನ್ನ ಗಂಡ ಯಾಕೆ ಹೀಗೆ ಮಾಡಿದ?" ಅಂತ ವಿಚಾರಣೆಯನ್ನೂ ಮಾಡಲಿಲ್ಲ. "ನಿನಗಾಗಿ ನಾನೇನು ಮಾಡಲಿ, ಮನೆಯಲ್ಲಿ ಏನಿದೆ?" ಎಂಬರ್ಥದಲ್ಲಿ ಕೇಳಿದ. ಇವತ್ತು ಇಲ್ಲಿ ಕೂತಿರುವವರಲ್ಲಿ ಸಾಲ ಇರುವವರು ತಲೆ ತಗ್ಗಿಸಬೇಡಿ. ನಾಚಿಕೆಯಿಂದ ಸಾಲ ಬಚ್ಚಿಟ್ಟವರೇ ಇನ್ನೊಂದು ಸಾಲಕ್ಕೆ ಬೇಗ ಬೀಳೋದು. ಬಾಯಿ ಬಿಟ್ಟು ಹೇಳಿದ ದಿನವೇ ಬಿಡುಗಡೆ ಶುರುವಾಗುತ್ತೆ.

2. ಮನೆಯಲ್ಲಿ ಏನಿದೆ? ಕಾಗದದ ಮೇಲೆ ಬರೆಯಿರಿ

ಒಂದು ಉದಾಹರಣೆ ತಗೊಳ್ಳೋಣ. ಒಬ್ಬ ತಮ್ಮನಿಗೆ ಒಟ್ಟು ₹60,000 ಸಾಲ ಇದೆ ಅಂತ ಇಟ್ಟುಕೊಳ್ಳಿ.

ಮಾಲ್‌ನ ಬಟ್ಟೆ ಅಂಗಡಿಯ ಖಾತೆ: ₹26,000. ಬಡ್ಡಿ ಬೀಳುತ್ತಿದೆ.
ಪೇ ಲೇಟರ್ ಆ್ಯಪ್: ₹16,000. ತಡ ಮಾಡಿದಾಗಲೆಲ್ಲ ದಂಡ ಸೇರುತ್ತಿದೆ.
ಫೋನಿನ ನೋ-ಕಾಸ್ಟ್ ಇಎಂಐ: ₹12,000. ತಿಂಗಳಿಗೆ ₹2,000, ಇನ್ನು 6 ತಿಂಗಳು.
ದಿನಸಿ ಅಂಗಡಿಯ ಉದ್ರಿ: ₹6,000. ಬಡ್ಡಿ ಇಲ್ಲ.

ಈ ತಮ್ಮ ತಿಂಗಳಿಗೆ ₹7,000 ಸಾಲಕ್ಕೆ ಅಂತ ಎತ್ತಿಡಬಲ್ಲ. ಈಗ ಎಲ್ಲವನ್ನೂ ಒಂದು ಕಾರ್ಡಿಗೆ ಹಾಕಿದ ಅಂತ ಇಟ್ಟುಕೊಳ್ಳಿ. ಏನಾಗುತ್ತೆ?

ನಮ್ಮ ದೇಶದಲ್ಲಿ ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಸಾಮಾನ್ಯ. ವರ್ಷಕ್ಕೆ ಶೇ 42 ಆಯಿತು. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ₹60,000ಕ್ಕೆ ಮೊದಲ ತಿಂಗಳ ಬಡ್ಡಿ ₹2,100, ಜಿಎಸ್‌ಟಿ ₹378, ಒಟ್ಟು ₹2,478. ಬಿಲ್‌ನಲ್ಲಿ "ಮಿನಿಮಮ್ ಡ್ಯೂ" ಅಂತ ಶೇ 5, ಅಂದರೆ ₹3,000 ತೋರಿಸಿತು ಅನ್ನಿ. ಅಷ್ಟೇ ಕಟ್ಟಿ ನೆಮ್ಮದಿಯಾಗಿ ಮಲಗಿದರೆ ಅಸಲಿನಲ್ಲಿ ಇಳಿದದ್ದು ಬರೀ ₹522! ಮೂರು ಸಾವಿರ ಕಟ್ಟಿದ್ದೀನಿ ಅಂದುಕೊಂಡ, ತೀರಿದ್ದು ಐನೂರು ಚಿಲ್ಲರೆ.

ಮಿನಿಮಮ್ ಬಿಟ್ಟು ಪ್ರತಿ ತಿಂಗಳೂ ತಪ್ಪದೆ ₹7,000 ಕಟ್ಟಿದರೂ ಸುಮಾರು 11 ತಿಂಗಳು ಬೇಕು. ಅಸಲಿನ ಮೇಲೆ ಸುಮಾರು ₹15,600 ಹೆಚ್ಚಿಗೆ ಹೋಗುತ್ತೆ.

ಇನ್ನೊಂದು ವಿಷಯ ನೋಡಿ. ಫೋನಿನ ಇಎಂಐ ಮತ್ತು ದಿನಸಿ ಉದ್ರಿ ಸೇರಿ ₹18,000ಕ್ಕೆ ಬಡ್ಡಿಯೇ ಇರಲಿಲ್ಲ. ಅದನ್ನೂ ಕಾರ್ಡಿಗೆ ಎಳೆದು ತಂದದ್ದಕ್ಕೆ ಮೊದಲ ತಿಂಗಳೇ ₹743 ಬಡ್ಡಿ ಮತ್ತು ತೆರಿಗೆ. ಸುಮ್ಮನಿದ್ದ ಸಾಲವನ್ನು ಎಬ್ಬಿಸಿ ಬಡ್ಡಿ ಕಟ್ಟಿದ ಹಾಗಾಯಿತು. ಆದ್ದರಿಂದ "ಎಲ್ಲವನ್ನೂ ಒಂದು ಕಡೆ ಹಾಕು" ಅನ್ನೋದು ಕೇಳೋಕೆ ಚೆನ್ನ, ಆದರೆ ಎಲ್ಲವನ್ನೂ ಹಾಕಬಾರದು. ಬಡ್ಡಿ ತಿನ್ನುತ್ತಿರುವ ಸಾಲ ಯಾವುದು, ತಿನ್ನದೆ ಇರುವುದು ಯಾವುದು, ಮೊದಲು ಬೇರೆ ಮಾಡಿ.

ನೆಹೆಮೀಯ 5ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿ. ಯೆರೂಸಲೇಮಿನ ಜನ ಹೊಲ, ದ್ರಾಕ್ಷೇತೋಟ, ಮನೆ ಎಲ್ಲವನ್ನೂ ಅಡವಿಟ್ಟಿದ್ದರು, ಮಕ್ಕಳನ್ನು ದಾಸತ್ವಕ್ಕೆ ಕೊಡುವ ಸ್ಥಿತಿಗೆ ಬಂದಿದ್ದರು. ಅಲ್ಲಿ ನೆಹೆಮೀಯ ಸಿಟ್ಟಾಗಿ ಬಿಟ್ಟುಬಿಡಿ ಅಂದ ಬಡ್ಡಿ ನೂರರಲ್ಲಿ ಒಂದು ಪಾಲು. ಅದು ತಿಂಗಳಿಗೆ ನೂರಕ್ಕೆ ಒಂದು ಎಂದು ಅನೇಕ ವ್ಯಾಖ್ಯಾನಕಾರರು ಅರ್ಥ ಮಾಡುತ್ತಾರೆ. ನಮ್ಮ ಜೇಬಿನಲ್ಲಿರುವ ಕಾರ್ಡು ಅದರ ಮೂರೂವರೆ ಪಟ್ಟು ಕೇಳುತ್ತೆ.

3. ಹಾಗಾದರೆ ಸಾಲ ಒಂದುಗೂಡಿಸೋದೇ ತಪ್ಪಾ?

ತಪ್ಪಲ್ಲ. ಆದರೆ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಹೌದು ಅಂತ ಬಂದರೆ ಮಾತ್ರ ಮುಂದೆ ಹೋಗಿ.

ಮೊದಲನೆಯದು: ಶುಲ್ಕ, ತೆರಿಗೆ ಎಲ್ಲಾ ಸೇರಿಸಿದ ಮೇಲೂ ಖರ್ಚು ಕಡಿಮೆ ಆಗುತ್ತಾ? ಅದೇ ತಮ್ಮ ಬಡ್ಡಿ ಬೀಳುವ ₹42,000ಕ್ಕೆ ಮಾತ್ರ ಶೇ 16ರಂತೆ 12 ತಿಂಗಳ ಪರ್ಸನಲ್ ಲೋನ್ ತಗೊಂಡ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು ₹3,811. ಫೋನಿಗೆ ₹2,000. ಉಳಿದ ₹1,189 ದಿನಸಿ ಅಂಗಡಿಗೆ ಕೊಟ್ಟರೆ ಆರನೇ ತಿಂಗಳಿಗೆ ಆ ಉದ್ರಿ ಚುಕ್ತಾ. ಬಡ್ಡಿಗೆ ಶೇ 2 ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿಸಿದರೂ ಹೆಚ್ಚಿಗೆ ಹೋಗೋದು ಸುಮಾರು ₹4,700. ಅಲ್ಲಿ ₹15,600, ಇಲ್ಲಿ ₹4,700. ಸಾಲ ಅದೇ, ಸಂಬಳ ಅದೇ. ವ್ಯತ್ಯಾಸ ಒಂದು ಸಂಜೆ ಕೂತು ಹಾಕಿದ ಲೆಕ್ಕ. ಲೋನ್ ಕೇಳುವಾಗ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ, ಅದರಲ್ಲಿ ಎಪಿಆರ್ ಎಂಬ ಅಂಕೆ ನೋಡಿ. ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ ಅದೇ.

ಎರಡನೆಯದು: ಮುಗಿಯುವ ತಾರೀಖು ಇದೆಯಾ? ಕಂತಿನ ಸಾಲಕ್ಕೆ ಕೊನೆ ಇರುತ್ತೆ. ಕಾರ್ಡಿನ ಬಾಕಿಗೆ ನೀವೇ ಕೊನೆ ಬರೆಯದಿದ್ದರೆ ಕೊನೆ ಇರೋದಿಲ್ಲ. ನಿಮ್ಮ ಕಾರ್ಡಿನ ಬ್ಯಾಂಕೇ ಕಡಿಮೆ ದರಕ್ಕೆ ಬಾಕಿಯನ್ನು ಇಎಂಐ ಮಾಡಿಕೊಡುತ್ತೆ ಅಂದರೆ ಅದನ್ನು ಹೋಲಿಸಿ ನೋಡಬಹುದು. ಅಥವಾ ಬಡ್ಡಿರಹಿತ ದಿನಗಳ ಒಳಗೇ ಖಂಡಿತವಾಗಿ ಬರುವ ಹಣ ಇದೆ, ಪೂರ್ತಿ ಬಿಲ್ ಕಟ್ಟುತ್ತೀನಿ ಅನ್ನುವವರಿಗೂ ಕಾರ್ಡು ಸಹಾಯ ಮಾಡಬಹುದು. ಆದರೆ ನೆನಪಿಡಿ, ಒಂದು ಬಾರಿ ಬಾಕಿ ಉಳಿಸಿದರೆ ಬಡ್ಡಿರಹಿತ ದಿನಗಳು ಹೋಗುತ್ತವೆ. ಆಮೇಲೆ ಅದೇ ಕಾರ್ಡಿನಲ್ಲಿ ತಗೊಂಡ ಬಿರಿಯಾನಿಗೂ ತಗೊಂಡ ದಿನದಿಂದಲೇ ಬಡ್ಡಿ.

ಮೂರನೆಯದು: ಹಳೇ ಬಾಗಿಲು ಮುಚ್ಚಿದೆಯಾ? ಇದೇ ಮುಖ್ಯ. ಅಂಗಡಿ ಖಾತೆಯ ಬಾಕಿ ತೀರಿಸಿದ ಕ್ಷಣ ಅಲ್ಲಿ ಲಿಮಿಟ್ ಮತ್ತೆ ಖಾಲಿಯಾಗಿ ಕೈ ಬೀಸಿ ಕರೆಯುತ್ತೆ. ಎರಡು ತಿಂಗಳಲ್ಲಿ ಹಬ್ಬದ ಸೇಲ್ ಬರುತ್ತೆ. ಆಗ ಹೊಸ ಸಾಲವೂ ಇದೆ, ಹಳೇ ಸಾಲವೂ ಇದೆ! ಬಾಕಿ ತೀರಿಸಿದ ದಿನವೇ ಖಾತೆ ಮುಚ್ಚಿಸಿ, ಆ್ಯಪ್ ತೆಗೆಯಿರಿ, ನೋ ಡ್ಯೂಸ್ ಪತ್ರ ಕೇಳಿ. ಕ್ರೆಡಿಟ್ ಕಾರ್ಡ್ ಮುಚ್ಚಿ ಅಂತ ಕೇಳಿದರೆ, ಬಾಕಿ ಪೂರ್ತಿ ಕಟ್ಟಿದ್ದಲ್ಲಿ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತೆ. ತಡವಾದರೆ ದಿನಕ್ಕೆ ₹500ರಂತೆ ಅವರೇ ನಿಮಗೆ ಕೊಡಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಲಿಮಿಟ್ ಹೆಚ್ಚಿಸುವ ಹಾಗೂ ಇಲ್ಲ. "ಬೇಡ" ಅನ್ನೋಕೆ ನಿಮಗೆ ಹಕ್ಕಿದೆ.

4. ಈ ದಾರಿಗಳು ಬೇಡ

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದು ಅಂಗಡಿ ಸಾಲ ತೀರಿಸಬೇಡಿ. ತೆಗೆದಿದ್ದಕ್ಕೆ ಶುಲ್ಕ, ಜೊತೆಗೆ ಆ ದಿನದಿಂದಲೇ ಬಡ್ಡಿ.

ಕೆಲವರು ಇನ್ನೊಂದು ಉಪಾಯ ಹೇಳಿಕೊಡ್ತಾರೆ. ಪರಿಚಯದ ಅಂಗಡಿಗೆ ಹೋಗು, ಕಾರ್ಡ್ ಉಜ್ಜು, ಸಾಮಾನು ಕೊಂಡ ಹಾಗೆ ಬಿಲ್ ಮಾಡಿಸು, ಕಮಿಷನ್ ಹಿಡಿದು ಅವನು ನಗದು ಕೊಡ್ತಾನೆ. ಪ್ರಿಯರೇ, ಕೊಳ್ಳದ ಸಾಮಾನಿಗೆ ಬಿಲ್ ಮಾಡಿಸೋದು ಸುಳ್ಳು. ಸುಳ್ಳಿನಿಂದ ಬಿಡುಗಡೆ ಬರೋದಿಲ್ಲ.

ಇನ್ನೊಂದನ್ನು ಪ್ರೀತಿಯಿಂದ, ಆದರೆ ಸ್ಪಷ್ಟವಾಗಿ ಹೇಳ್ತೀನಿ. "ದೊಡ್ಡ ಕಾಣಿಕೆ ಬಿತ್ತಿದರೆ ಸಾಲ ಪವಾಡದಂತೆ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ, ಅದಕ್ಕಾಗಿ ಕಾರ್ಡ್ ಉಜ್ಜಬೇಡಿ. ಈ ಸಭೆಯಲ್ಲೂ ಬೇಡ. ಕಾಣಿಕೆ ಮೆಚ್ಚಿಗೆಯಾಗೋದು ಒಬ್ಬನಲ್ಲಿ ಇರುವುದರ ಪ್ರಕಾರ, ಇಲ್ಲದಿರುವುದರ ಪ್ರಕಾರ ಅಲ್ಲ ಎಂದು ಪೌಲನು ಕಲಿಸುತ್ತಾನೆ (2 ಕೊರಿಂಥ 8:12). ಬ್ಯಾಂಕಿನಿಂದ ಸಾಲ ತಂದು ಕೊಟ್ಟದ್ದು ನಿಮ್ಮಲ್ಲಿ ಇದ್ದದ್ದಲ್ಲ.

5. ಎಣ್ಣೆ ಬಂದ ಮೇಲೆ ಏನು ಮಾಡಿದಳು?

ಆ ವಿಧವೆ ನೆರೆಯವರ ಹತ್ತಿರ ಏನು ತಂದಳು? ಬರಿದಾದ ಪಾತ್ರೆ. ಈ ಸಾಲಗಾರನಿಗೆ ಕೊಡೋಕೆ ಇನ್ನೊಬ್ಬ ಸಾಲಗಾರನ ಹತ್ತಿರ ಹಣ ತರಲಿಲ್ಲ. ಮಕ್ಕಳನ್ನು ಹೊರಗಿಡಲಿಲ್ಲ, ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದಳು. ಮಕ್ಕಳು ಪಾತ್ರೆ ಕೊಡುತ್ತಿದ್ದರು, ಅವಳು ಹೊಯ್ಯುತ್ತಿದ್ದಳು. ಮನೆಯವರಿಗೆ ಗೊತ್ತಿಲ್ಲದ ಸಾಲ ತೀರೋದು ಕಷ್ಟ. ಮದುವೆಯಾದವರು ಹೆಂಡತಿಗೆ, ಗಂಡನಿಗೆ ಹೇಳಿ. ಮದುವೆ ಗೊತ್ತಾಗಿರುವವರು ಮದುವೆಗೆ ಮುಂಚೆಯೇ ಹೇಳಿ.

ಪಾತ್ರೆಗಳೆಲ್ಲ ತುಂಬಿದವು. ದೇವರು ಪವಾಡ ಮಾಡಿದ್ದಾನೆ. ಹಲ್ಲೆಲೂಯ! ಆಗ ಅವಳು ಖರ್ಚಿಗೆ ಓಡಲಿಲ್ಲ. ಬಂದು ದೇವರ ಮನುಷ್ಯನಿಗೆ ತಿಳಿಸಿದಳು. ಅವನು ಹೇಳಿದ ಕ್ರಮ ನೋಡಿ: ಎಣ್ಣೆಯನ್ನು ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡಿ. ಸಾಲಗಾರನ ಪುಸ್ತಕದಲ್ಲಿ ಅಕ್ಷರ ಅಳಿಸಿಹೋಗುವ ಪವಾಡವನ್ನು ದೇವರು ಮಾಡಬಹುದಿತ್ತು. ಆದರೆ ತೀರಿಸುವ ಶಕ್ತಿ ಕೊಟ್ಟನು. ಸಾಲಗಾರನಿಗೂ ಅವನ ಹಣ ಸಿಕ್ಕಿತು, ಮಕ್ಕಳೂ ಮನೆಯಲ್ಲೇ ಉಳಿದರು.

ನಿಮಗೆ ಎಣ್ಣೆ ಅಂದರೆ ಬೋನಸ್ ಇರಬಹುದು, ಸಂಬಳದ ಏರಿಕೆ ಇರಬಹುದು, ಶನಿವಾರ ಹೇಳಿಕೊಡುವ ಟ್ಯೂಷನ್ ಇರಬಹುದು. ಬಂದಾಗ ಕ್ರಮ ಮರೀಬೇಡಿ. ಮೊದಲು ಸಾಲ, ಆಮೇಲೆ ಉಳಿದದ್ದರಲ್ಲಿ ಜೀವನ. ದಿನಸಿ ಅಂಗಡಿಯ ಅಣ್ಣ ಬಡ್ಡಿ ಕೇಳೋದಿಲ್ಲ ಅಂತ ಅವನನ್ನು ಕೊನೆಗೆ ಇಡಬೇಡಿ. ಅವನೂ ಹೋಲ್‌ಸೇಲ್‌ನವರಿಗೆ ಹಣ ಕಟ್ಟಬೇಕು. ಅವನ ಅಂಗಡಿ ಮುಂದೆ ತಲೆ ತಗ್ಗಿಸಿ ಬೇರೆ ಬೀದಿಯಿಂದ ಹೋಗುವ ವಿಶ್ವಾಸಿ ಅವನಿಗೆ ಸುವಾರ್ತೆ ಹೇಗೆ ಹೇಳ್ತಾನೆ?

6. ಈ ವಾರ ಮಾಡಬೇಕಾದದ್ದು

ಜ್ಞಾನೋಕ್ತಿ 6ನೇ ಅಧ್ಯಾಯದ ಆರಂಭದಲ್ಲಿ ಹೊಣೆಗೆ ಸಿಕ್ಕಿಕೊಂಡವನಿಗೆ ಒಂದು ಬುದ್ಧಿವಾದ ಇದೆ. ನಿದ್ದೆ ಮಾಡಬೇಡ, ಹೋಗು, ತಗ್ಗಿಸಿಕೊಂಡು ಬೇಡಿಕೋ ಎಂಬುದು ಅದರ ಸಾರ. ಫೋನ್ ಕಟ್ ಮಾಡಿ ಓಡಬೇಡಿ. ಅಂಗಡಿಗೆ, ಬ್ಯಾಂಕಿಗೆ ನೀವೇ ಹೋಗಿ. "ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ದಂಡ ಕಡಿಮೆ ಮಾಡಿ" ಅಂತ ಕೇಳಿ. ಒಪ್ಪಿದ್ದನ್ನು ಬರವಣಿಗೆಯಲ್ಲಿ ತಗೊಳ್ಳಿ.

ಹಾಗೇ ಭಯವೂ ಬೇಡ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಸಾಲದ ಆ್ಯಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದು ಉಚಿತ. ಸಾಲದ ಒತ್ತಡದಲ್ಲಿ ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಇರಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ನಮ್ಮಲ್ಲಿ ಯಾರನ್ನಾದರೂ ಎಬ್ಬಿಸಿ. ನಡುರಾತ್ರಿಯಾದರೂ ಸರಿ. ಯಾವ ಸಾಲವೂ ನಿಮ್ಮ ಪ್ರಾಣಕ್ಕಿಂತ ದೊಡ್ಡದಲ್ಲ. ನಿಮ್ಮನ್ನು ಕ್ರಯಕ್ಕೆ ಕೊಂಡವನು ಕರ್ತನು, ಯಾವ ಬ್ಯಾಂಕೂ ಅಲ್ಲ.

ಇವತ್ತು ರಾತ್ರಿ ಒಂದು ಹಾಳೆ ತಗೊಳ್ಳಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವಾಗ ಮುಗಿಯುತ್ತೆ ಅಂತ ನಾಲ್ಕು ಸಾಲು ಬರೆಯಿರಿ. ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸೋದು ಬೇರೆ, ತೀರಿಸೋದು ಬೇರೆ. ನಿಮ್ಮ ಹಾಳೆ ಯಾವುದನ್ನು ತೋರಿಸುತ್ತೆ ಅಂತ ನೀವೇ ನೋಡಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಸಾಲದ ಭಾರ ಹೊತ್ತು ಬಂದಿರುವ ಈ ನಿಮ್ಮ ಮಕ್ಕಳನ್ನು ನೋಡಿರಿ. ನಾಚಿಕೆಯನ್ನು ತೆಗೆಯಿರಿ, ಸತ್ಯ ಹೇಳುವ ಧೈರ್ಯ ಕೊಡಿರಿ. ಲೆಕ್ಕ ಹಾಕಲು ಬುದ್ಧಿಯನ್ನೂ, ಬೇಡ ಅನ್ನಲು ಬಲವನ್ನೂ, ತೀರಿಸಲು ದುಡಿಮೆಯನ್ನೂ ಅನುಗ್ರಹಿಸಿರಿ. ಕೊಡಬೇಕಾದದ್ದನ್ನು ಪೂರ್ತಿ ಕೊಟ್ಟು, ಉಳಿದದ್ದರಲ್ಲಿ ಸಂತೋಷವಾಗಿ ಬದುಕುವ ದಿನವನ್ನು ಇವರ ಮನೆಗಳಲ್ಲಿ ಕಾಣುವಂತೆ ಮಾಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.